ಸಕ್ಕರೆ ಕಾಯಿಲೆ ಇರುವವರು ಲಿವರ್ ಆಪರೇಷನ್‌ಗೆ ಮೊದಲು ಪೌಷ್ಟಿಕ ಪಾನೀಯ ಕುಡಿಯಬಹುದೇ?

ಕುಡಿಯಬಹುದು. ತೂಕ ಇಳಿದು ಸೊರಗಿದವರಿಗಂತೂ 7ರಿಂದ 14 ದಿನ ಮೊದಲೇ ಶುರು ಮಾಡಿಸುತ್ತಾರೆ. ಆದರೆ ಯಾವ ಪಾನೀಯ, ಯಾವ ಹೊತ್ತಿಗೆ ಎಂಬುದು ಮುಖ್ಯ.

ಲಿವರ್ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಒಂದು ಭಾಗ ಕತ್ತರಿಸಿ ತೆಗೆದರೆ ಆ ದಾಸ್ತಾನೂ ತಗ್ಗುತ್ತದೆ; ಉಳಿದ ಭಾಗ ಮತ್ತೆ ಬೆಳೆಯಲು ಪ್ರೋಟೀನ್ ಬೇಕು. ಸಿಗದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸುತ್ತದೆ. ಹಾಗಾಗಿ ಊಟವೂ ಸೇರಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಗುರಿ: 60 ಕಿಲೋದವರಿಗೆ 72ರಿಂದ 90 ಗ್ರಾಂ. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಮಧುಮೇಹಿಗಳಿಗೆಂದೇ ಮಾಡಿದ ಪುಡಿ ಒಳ್ಳೆಯದು. ಅದನ್ನೂ ಒಂದೇ ಸಲ ಗಟಗಟ ಕುಡಿಯದೆ ಹಂಚಿ ಕುಡಿಯಬೇಕು. ಸಿರೋಸಿಸ್ (ಲಿವರ್ ಗಟ್ಟಿಯಾಗುವ ರೋಗ) ಇದ್ದರೆ ಮಲಗುವ ಮುಂಚಿನ ಲೋಟ ತಪ್ಪಿಸಬೇಡಿ, ರಾತ್ರಿಯ ಉಪವಾಸದಲ್ಲೇ ಸ್ನಾಯು ಹೆಚ್ಚು ಕರಗುವುದು.

ಎಡವಟ್ಟಾಗುವುದು ಆಪರೇಷನ್ ದಿನದ ಸಿಹಿ ಪಾನೀಯದಲ್ಲಿ. ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಇದನ್ನು ಇತರರಿಗೆ 2 ಗಂಟೆ ಮೊದಲಿನವರೆಗೂ ಕೊಡುವುದುಂಟು. ಮಧುಮೇಹಿಗಳಲ್ಲಿ, ಅದರಲ್ಲೂ ಇನ್ಸುಲಿನ್ ಮೇಲಿರುವವರಲ್ಲಿ, ಶುಗರ್ ಸರ್ರನೆ ಏರಬಹುದು. ಹಳೆಯ ಮಧುಮೇಹದಲ್ಲಿ ಹೊಟ್ಟೆ ಖಾಲಿಯಾಗುವುದೂ ನಿಧಾನ. ಅರಿವಳಿಕೆಯ ವೇಳೆ ಒಳಗಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಆದ್ದರಿಂದ ಅರಿವಳಿಕೆ ವೈದ್ಯರು ಹೇಳದೆ ಕುಡಿಯಬೇಡಿ. ಪ್ರೋಟೀನ್ ಪುಡಿ ಕಲಸಿದ್ದು ನೀರಿನ ಲೆಕ್ಕಕ್ಕೆ ಬರದು, ಕನಿಷ್ಠ 6 ಗಂಟೆ ಮೊದಲೇ ನಿಲ್ಲಿಸಬೇಕು. ಡಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ (ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವಂಥದ್ದು) ತೆಗೆದುಕೊಳ್ಳುತ್ತಿದ್ದರೆ ತಿಳಿಸಿ; ಅದನ್ನು 3 ದಿನ ಮೊದಲೇ ಬಿಡಿಸುತ್ತಾರೆ.