ಓದುಗರ ಪ್ರಶ್ನೆ: ಜೂನಾ ಬಜಾರಿನ ತೋಪಡ, ಚೋರ್ ಬಜಾರಿನ ಪಾನಾ

ಈ ಸಲ ಬಂದ ಪತ್ರಗಳಲ್ಲಿ ಹಳೇ ಕೈಹತಾರಗಳದ್ದೇ ಮೇಲುಗೈ. ಉತ್ತರಕ್ಕೆ ಮೊದಲು ಭಾಷೆಯ ಒಂದು ಮಾತು. ಮುಂಬೈ, ಪುಣೆಯ ಗುಜರಿಯವರ ಮುಂದೆ ‘ತೋಪಡ’ (ಮರ ಹೆರೆದು ನಯ ಮಾಡುವ ಹತಾರ) ಅಂದರೆ ಮುಖ ಮುಖ ನೋಡುತ್ತಾರೆ, ‘ರಂಧಾ’ ಅನ್ನಿ. ಉಳಿಗೆ ‘ಪಟಾಶಿ’, ಗರಗಸಕ್ಕೆ ‘ಕರವತ್’, ಅರಕ್ಕೆ ‘ಕಾನಸ್’, ಸ್ಪ್ಯಾನರಿಗೆ ‘ಪಾನಾ’. ಹೆಸರು ಸರಿ ಹೇಳಿದವನಿಗೆ ಗೋಣಿಚೀಲದ ತಳದಲ್ಲಿರುವ ಮಾಲೂ ಹೊರಗೆ ಬರುತ್ತದೆ.

ಪುಣೆಯ ಜೂನಾ ಬಜಾರಿನಲ್ಲಿ ಕಬ್ಬಿಣದ ತೋಪಡ ನೋಡಿದೆ. ‘ಸ್ಟ್ಯಾನ್ಲಿ’ ಅಂತ ಅಚ್ಚಿದೆ, ನಂಬರ್ 4. ಮೈಯೆಲ್ಲ ತುಕ್ಕು. ಎರಡು ಸಾವಿರ ಹೇಳುತ್ತಾನೆ. ಕೊಳ್ಳಬಹುದೇ? (ಕೊಥ್ರೂಡ್, ಪುಣೆ)

ತುಕ್ಕು ಬಿಡಿಸಬಹುದು, ಬಿರುಕು ಬಿಡಿಸಲಾಗದು. ಆದ್ದರಿಂದ ಮೊದಲು ತೋಪಡವನ್ನು ಬೋರಲು ಹಾಕಿ. ಅಲಗು ಇಣುಕುವ ಸೀಳಿಗೆ ಬಾಯಿ ಅನ್ನುತ್ತಾರೆ. ಆ ಬಾಯಿಯ ಎರಡು ಮೂಲೆಗಳಿಂದ ಪಕ್ಕದ ಗೋಡೆಯವರೆಗೆ ಕಣ್ಣು ಹಾಯಿಸಿ. ಮೈ ಎರಕದ ಕಬ್ಬಿಣ, ಬಾಯಿಯ ಹತ್ತಿರ ಅದು ತೀರ ಕಮ್ಮಿ. ಮೇಜಿನಿಂದ ಒಮ್ಮೆ ಬಿದ್ದರೆ ಸೀಳುವುದು ಅಲ್ಲೇ. ಅನುಮಾನ ಬಂದರೆ ಒಂದು ಹನಿ ಎಣ್ಣೆ ಸವರಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಮೇಲೆ ಬಂದು ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿಸುತ್ತದೆ. ಹಿತ್ತಾಳೆ ಬಣ್ಣದ ಗೆರೆ ಕಂಡರೆ ಯಾರೋ ಆಗಲೇ ಬೆಸೆದಿದ್ದಾರೆ ಅಂತ ಲೆಕ್ಕ. ಬೆಸುಗೆಯ ಶಾಖಕ್ಕೆ ತಳ ತಿರುಚಿರುತ್ತದೆ, ಬಿಟ್ಟುಬಿಡಿ.

ತಳ ಸಮವಿದೆಯೇ ನೋಡಲು 300 ಮಿ.ಮೀ. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿಯಿರಿ. ಮುಂದಿನ ತುದಿ, ಬಾಯಿಯ ಮುಂಭಾಗ, ಹಿಂದಿನ ತುದಿ, ಈ ಮೂರು ಕಡೆ ಸ್ಕೇಲ್ ಕೂತರೆ ಸಾಕು. ನಡುವೆ ಸಣ್ಣಗೆ ಬೆಳಕು ಸೋರಿದರೆ ಗಾಜಿನ ಮೇಲೆ 80ರ ಉಜ್ಜುಕಾಗದ ಅಂಟಿಸಿ ತಿಕ್ಕಿ ಸರಿಮಾಡಬಹುದು. ಬಾಯಿಯ ಹತ್ತಿರವೇ ಗುಳಿ ಬಿದ್ದಿದ್ದರೆ ಆ ತಿಕ್ಕಾಟ ಎರಡು ಭಾನುವಾರ ತಿನ್ನುತ್ತದೆ.

ಇನ್ನು ಅಲಗು. ಅಲಗನ್ನು ಮೇಲಿನಿಂದ ಒತ್ತಿ ಹಿಡಿಯುವ ಲಿವರ್ ಕ್ಯಾಪ್ ಎತ್ತಿ ಅಲಗನ್ನು ಹೊರಗೆ ತೆಗೆಸಿ. ತೆಗೆಯಲು ಒಪ್ಪದವನ ಹತ್ತಿರ ವ್ಯಾಪಾರವೇ ಬೇಡ. ಇಳಿಜಾರಿನ ಮುಖದಲ್ಲಿ ಎಷ್ಟು ತುಕ್ಕಿದ್ದರೂ ಸಾಣೆಗೆ ಹೋಗುತ್ತದೆ. ನೋಡಬೇಕಾದ್ದು ಅದರ ಹಿಂಬದಿಯ ಚಪ್ಪಟೆ ಮುಖ, ಅದರಲ್ಲೂ ಅಂಚಿನಿಂದ ಒಳಕ್ಕೆ ಒಂದು ಇಂಚು. ಅಲ್ಲಿ ಸೂಜಿಮೊನೆಯಷ್ಟು ಗುಳಿಗಳಿದ್ದರೆ ಪ್ರತಿ ಸಲ ಸಾಣೆ ಹಿಡಿದಾಗಲೂ ಅಂಚು ಹಲ್ಲುಹಲ್ಲಾಗಿಯೇ ಬರುತ್ತದೆ. ಅಲಗಿನ ಉದ್ದನೆಯ ಸೀಳಿನಿಂದ ಅಂಚಿನವರೆಗೆ ಅರ್ಧ ಇಂಚಿಗಿಂತ ಕಮ್ಮಿ ಉಳಿದಿದ್ದರೆ ಅದರ ಆಯುಸ್ಸು ಮುಗಿದಂತೆ. ಆದರೂ ಅಲಗಿನ ಸಲುವಾಗಿ ಇಡೀ ತೋಪಡ ಬಿಡಬೇಕಿಲ್ಲ, ನಂಬರ್ 4ಕ್ಕೆ ಎರಡಿಂಚಿನ ಹೊಸ ಅಲಗು ಸಿಗುತ್ತದೆ.

ಹಾಗೆ ಸಿಗದ ವಸ್ತು ಸ್ಕ್ರೂ. ಹಿಡಿಯನ್ನು ಬಿಗಿಯುವ ಸರಳಿನ ದಾರ (ಥ್ರೆಡ್) 12-20, ಅಂದರೆ ಇಂಚಿಗೆ 20 ಸುತ್ತು. ಈ ಅಳತೆ ಮಾಮೂಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಇರುವುದಿಲ್ಲ. ಅದರ ಬದಲಿಗೆ ಮೆಟ್ರಿಕ್ ಎಂ6 ಸ್ಕ್ರೂ ತುರುಕಿದರೆ ಎರಕದೊಳಗಿನ ದಾರವೂ ಹೋಗುತ್ತದೆ. ಆದ್ದರಿಂದ ಸ್ಕ್ರೂಗಳನ್ನು ಎಣಿಸಿಯೇ ದುಡ್ಡು ಕೊಡಿ. ಅಲಗನ್ನು ಏರಿಸಿ ಇಳಿಸುವ ಹಿತ್ತಾಳೆ ಚಕ್ರಕ್ಕೆ ಎಡ ದಾರ. ಹಿಂದಿನಿಂದ ನೋಡುತ್ತ ಬಲಕ್ಕೆ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಎಡಕ್ಕೆ ಇಕ್ಕಳ ಹಾಕಿ ಮುರಿದ ಮಾಲು ಬಜಾರಿನ ತುಂಬ ಇದೆ.

ಕ್ಯಾಪಿನ ಮೇಲಿನ ಹೆಸರಿಗೆ ಮಾತ್ರ ದುಡ್ಡು ಕೊಡಬೇಡಿ. ಒಂದರ ಕ್ಯಾಪು ಇನ್ನೊಂದರ ಮೈ ಸೇರಿಸಿ ಮಾರುವುದು ಅಲ್ಲಿ ಮಾಮೂಲು. ಅಲಗು ಕೂರುವ ಪೀಠದ ಹಿಂದೆ ಮೈಮೇಲೆಯೇ ಮಾರ್ಚ್ 25, 1902, ಆಗಸ್ಟ್ 19, 1902, ಏಪ್ರಿಲ್ 19, 1910 ಅಂತ ಮೂರು ಪೇಟೆಂಟ್ ತಾರೀಕುಗಳ ಅಚ್ಚಿದ್ದರೆ ಮೈಯಂತೂ ಅಸಲಿ ಸ್ಟ್ಯಾನ್ಲಿ, 1910ರ ದಶಕದ್ದು. ಶೆಫೀಲ್ಡಿನ ರೆಕಾರ್ಡ್ 04 ಸಿಕ್ಕರೂ ಕೆಲಸಕ್ಕೆ ಕಮ್ಮಿಯೇನಿಲ್ಲ. ಮರದ ಹಿಡಿ ಮುರಿದಿದ್ದರೆ ಚೌಕಾಸಿಗೆ ಒಳ್ಳೆಯ ನೆಪ. ಶೀಶಮ್ಮಿನ ತುಂಡಿನಲ್ಲಿ ಯಾವ ಬಡಗಿಯಾದರೂ ಹೊಸದು ಮಾಡಿಕೊಡುತ್ತಾನೆ. ಹೇಳಿದ ಬೆಲೆಯ ಮೂರರಲ್ಲೊಂದರಿಂದ ಶುರುಮಾಡಿ. ಬಜಾರು ಬುಧವಾರ ಮತ್ತು ಭಾನುವಾರ.

ಹಳೇ ಉಳಿ, ತೋಪಡಗಳ ತುಕ್ಕು ತೆಗೆಯಲು ಯಾವ ಆಸಿಡ್ ಒಳ್ಳೆಯದು? ಫ್ಲ್ಯಾಟಿನ ಬಾಲ್ಕನಿಯಲ್ಲೇ ಮಾಡಬೇಕು. (ಡೊಂಬಿವಲಿ)

ಬಚ್ಚಲು ತೊಳೆಯುವ ಆಸಿಡ್ ಖಂಡಿತ ಬೇಡ. ಅದರ ಆವಿಗೆ ಆ ಕೋಣೆಯಲ್ಲಿರುವ ಬಾಕಿ ಕಬ್ಬಿಣವೂ ಮರುದಿನ ತುಕ್ಕು ಹಿಡಿಯುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪು ಸಾಕು, ಅದೇ ಸಿಟ್ರಿಕ್ ಆಸಿಡ್.

ಒಂದು ಲೀಟರ್ ನೀರಿಗೆ 50 ಗ್ರಾಂ ಕರಗಿಸಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಹಾಕಿ. ಹತಾರದ ಎಣ್ಣೆ ಜಿಡ್ಡನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಮೊದಲು ತೆಗೆಯಿರಿ. ಜಿಡ್ಡಿದ್ದ ಕಡೆ ಆಸಿಡ್ ತಾಗುವುದಿಲ್ಲ, ತುಕ್ಕು ತೇಪೆ ತೇಪೆಯಾಗಿ ಉಳಿಯುತ್ತದೆ. ವಸ್ತು ಪೂರ್ತಿ ಮುಳುಗಬೇಕು. ಅರ್ಧ ಮುಳುಗಿದರೆ ನೀರಿನ ಮಟ್ಟದಲ್ಲಿ ಒಂದು ಗೆರೆ ಕೊರೆದು ಕೂರುತ್ತದೆ, ಅದು ಆಮೇಲೆ ಹೋಗುವುದಿಲ್ಲ. ಎರಡು ಮೂರು ಗಂಟೆಗೊಮ್ಮೆ ತೆಗೆದು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ನೋಡಿ. ಒಂದು ರಾತ್ರಿಗಿಂತ ಹೆಚ್ಚು ಬಿಟ್ಟರೆ ತುಕ್ಕು ಮುಗಿದು ಉಕ್ಕನ್ನೇ ತಿನ್ನತೊಡಗುತ್ತದೆ.

ಹೆಚ್ಚಿನವರು ಕೆಡಿಸುವುದು ಇದಾದ ಮೇಲೆ. ಟಬ್ಬಿನಿಂದ ತೆಗೆದ ಉಕ್ಕು ಬತ್ತಲೆ ಇರುತ್ತದೆ. ನಲ್ಲಿಯಲ್ಲಿ ತೊಳೆದು ಕಟ್ಟೆಯ ಮೇಲಿಟ್ಟು ಚಹಾ ಕುಡಿದು ಬರುವುದರೊಳಗೆ ಅದರ ಮೇಲೆ ಕಿತ್ತಳೆ ಬಣ್ಣದ ಪುಡಿ ಏಳುತ್ತದೆ. ಅದಕ್ಕೇ ತೊಳೆದ ಕೂಡಲೇ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಅದರಲ್ಲಿ ಅದ್ದಿ, ಮೇಲೆ ಕುದಿನೀರು ಸುರಿಯಿರಿ. ಬಿಸಿಗೆ ತಾನೇ ಒಣಗುತ್ತದೆ. ಬೆಚ್ಚಗಿರುವಾಗಲೇ ಹೊಲಿಗೆ ಯಂತ್ರದ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ.

ಸ್ಪ್ರಿಂಗುಗಳನ್ನು ಈ ಟಬ್ಬಿಗೆ ಹಾಕಬೇಡಿ. ಆಸಿಡಿನಿಂದ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅವು ಪಟ್ಟನೆ ಮುರಿಯುವಂತಾಗುತ್ತವೆ. ಹಿತ್ತಾಳೆ ಚಕ್ರ, ಮರದ ಹಿಡಿ ಬಿಚ್ಚಿಟ್ಟಿರಿ. ಕಂಪನಿಯ ಅಚ್ಚಿನ ಮೇಲೆ ಉಜ್ಜುಕಾಗದ ಹಾಕಬೇಡಿ.

ಹಳೇ ಬುಲೆಟ್‌ಗೆಂದು ಚೋರ್ ಬಜಾರಿನಿಂದ ಪಾನಾ ತಂದೆ. ಮೇಲೆ 1/4 ಡಬ್ಲ್ಯೂ ಎಂದಿದೆ, ಅಳೆದರೆ ಕಾಲು ಇಂಚಿನ ಎರಡರಷ್ಟಿದೆ. ನಕಲಿಯೇ? (ಠಾಣೆ)

ನಕಲಿಯಲ್ಲ. ಡಬ್ಲ್ಯೂ ಅಂದರೆ ವಿಟ್‌ವರ್ತ್, ಬ್ರಿಟಿಷರ ಹಳೇ ಅಳತೆ. ಆ ಅಂಕಿ ಪಾನಾದ ಬಾಯಿಯದ್ದಲ್ಲ, ಅದು ತಿರುಗಿಸುವ ಬೋಲ್ಟಿನ ದಪ್ಪದ್ದು. 1/4 ಡಬ್ಲ್ಯೂ ಬಾಯಿ 0.525 ಇಂಚು, ಅಂದರೆ 13.3 ಮಿ.ಮೀ. ಇಂಥ ಬೋಲ್ಟಿಗೆ 13ರ ಪಾನಾ ಹೋಗುವುದಿಲ್ಲ, 14 ಹಾಕಿದರೆ ಜಾರಿ ಮೂಲೆ ಉರುಟಾಗುತ್ತದೆ. ಹಳೇ ಬುಲೆಟ್‌ಗಳ ಮೂಲೆ ಸವೆದ ಬೋಲ್ಟುಗಳ ಹಿಂದಿರುವ ಕಥೆ ಬಹುಪಾಲು ಇದೇ. 5/16 ಡಬ್ಲ್ಯೂ 15.2 ಮಿ.ಮೀ., ಅದಕ್ಕೂ ಮೆಟ್ರಿಕ್ ಜೋಡಿಯಿಲ್ಲ. 3/8 ಡಬ್ಲ್ಯೂ ಮಾತ್ರ 18.03, ಅಲ್ಲಿ 18ರ ಪಾನಾ ಚೆನ್ನಾಗಿ ಕೂರುತ್ತದೆ.

ನಿಮ್ಮ ಪಾನಾದ ಮೇಲೆ ಜೊತೆಗೆ 5/16 ಬಿಎಸ್‌ಎಫ್ ಎಂದೂ ಇದ್ದರೆ ಗೊಂದಲ ಬೇಡ. ಬಿಎಸ್‌ಎಫ್ ಅಂದರೆ ಬ್ರಿಟಿಷರ ಸಣ್ಣ ದಾರದ ಬೋಲ್ಟು, ಅದರ ತಲೆ ಒಂದು ಅಳತೆ ಚಿಕ್ಕದು, ಅದಕ್ಕೆ ಒಂದೇ ಬಾಯಿಗೆ ಎರಡು ಹೆಸರು. ‘ಎಎಫ್’ ಎಂದಿದ್ದರೆ ಮಾತ್ರ ಅಂಕಿ ಬಾಯಿಯದ್ದೇ, ಅದು ಹಳೇ ಜೀಪಿಗೆ ಸರಿ.

ಕೊಳ್ಳುವಾಗ ಬಾಯಿಯ ಎರಡು ದವಡೆಗಳ ನಡುವೆ ಬುಡದಲ್ಲೂ ತುದಿಯಲ್ಲೂ ಅಳೆಯಿರಿ. ತುದಿ ಅಗಲವಾಗಿದ್ದರೆ ಪೈಪ್ ಸಿಕ್ಕಿಸಿ ಎಳೆದಾಡಿದ ಪಾನಾ.

ಗುಜರಿಯಲ್ಲಿ ಹಳೇ ಮೈಕ್ರೋಮೀಟರ್ ಸಿಕ್ಕಿದೆ. ಅದು ಸರಿಯಿದೆಯೋ ಇಲ್ಲವೋ ಅಲ್ಲೇ ನಿಂತು ಹೇಗೆ ತಿಳಿಯುವುದು? (ವಾಸ್ಕೊ, ಗೋವಾ)

ಜೇಬಿನಲ್ಲಿ 608 ನಂಬರಿನ ಬೇರಿಂಗ್ ಇಟ್ಟುಕೊಳ್ಳಿ. ಸ್ಕೇಟಿಂಗ್ ಚಕ್ರಕ್ಕೆ ಹಾಕುವ ಅಗ್ಗದ ಬೇರಿಂಗ್ ಅದು. ಹೊರ ವ್ಯಾಸ 22 ಮಿ.ಮೀ., ಅಗಲ 7. ಹೊರ ವ್ಯಾಸದಲ್ಲಿ ತಪ್ಪು ಮಿಲಿಮೀಟರಿನ ನೂರರ ಒಂದಂಶವನ್ನೂ ದಾಟುವುದಿಲ್ಲ. ದವಡೆಗಳ ನಡುವೆ ಬಿಳಿ ಕಾಗದ ಹಿಡಿದು ಎಳೆದು ಒರೆಸಿ, ಮುಚ್ಚಿ ಸೊನ್ನೆ ನೋಡಿ, ಆಮೇಲೆ ಬೇರಿಂಗ್ ಅಳೆಯಿರಿ. ಸೊನ್ನೆಯಲ್ಲೂ 22ರಲ್ಲೂ ಒಂದೇ ತಪ್ಪು ತೋರಿಸಿದರೆ ಪರವಾಗಿಲ್ಲ, ತೋಳನ್ನು (ಸ್ಲೀವ್) ಸಣ್ಣ ಕೊಕ್ಕೆ ಕೀಲಿಯಿಂದ ತಿರುಗಿಸಿ ಸರಿಮಾಡಬಹುದು. ಸೊನ್ನೆ ಸರಿಯಿದ್ದು 22ರಲ್ಲಿ ತಪ್ಪಿದರೆ ಒಳಗಿನ ದಾರ ಸವೆದಿದೆ, ಇಲ್ಲವೇ ಮೈ ಬಾಗಿದೆ. ಅದು ಷೋಕೇಸಿಗೆ. ತಿರುಗುವ ಕೊಳವೆಯ ಒಂದು ಸುತ್ತಿನಲ್ಲಿ 50 ಗೆರೆಗಳಿದ್ದರೆ ಮಿಲಿಮೀಟರಿನದ್ದು, 25 ಇದ್ದರೆ ಇಂಚಿನದ್ದು. ಇಂಚಿನದ್ದು ಅಗ್ಗಕ್ಕೆ ಸಿಗುವುದು ಅದಕ್ಕೇ.

ಸುತ್ತಿಗೆಯೊಂದರ ಮೇಲೆ ‘ಜಿಐಪಿ’ ಅಂತ ಮುದ್ರೆಯಿದೆ. ಕೊಂಡರೆ ತೊಂದರೆಯೇ? (ಮಾಟುಂಗಾ)

ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುದ್ರೆ ಅದು. 1951ರ ನವೆಂಬರಿನಲ್ಲಿ ಆ ಹೆಸರು ಹೋಗಿ ಸೆಂಟ್ರಲ್ ರೈಲ್ವೆ ಆಯಿತು, ಅಂದರೆ ಸುತ್ತಿಗೆಗೆ ಎಪ್ಪತ್ತು ದಾಟಿದೆ. ಇಷ್ಟು ಹಳೆಯದು ಸಾಮಾನ್ಯವಾಗಿ ಹರಾಜಿನ ಗುಜರಿಯಿಂದ ಬಂದಿರುತ್ತದೆ. ಆದರೂ ಅಂಗಡಿಯವನಿಂದ ಚೀಟಿ ಬರೆಸಿಕೊಳ್ಳಿ. ಈಗಿನ ರೈಲ್ವೆಯ ಅಥವಾ ಯಾವುದೇ ಕಾರ್ಖಾನೆಯ ಹೊಸ ಮುದ್ರೆಯಿದ್ದರೆ ಮುಟ್ಟಬೇಡಿ. ಕದ್ದ ರೈಲ್ವೆ ಮಾಲು ಇಟ್ಟುಕೊಂಡವರಿಗೂ 1966ರ ಕಾಯ್ದೆಯಲ್ಲಿ ಶಿಕ್ಷೆಯಿದೆ. ಮಷ್ರೂಮ್ ಟೋಪಿಯ ಹಾಗೆ ಮುಖದ ಅಂಚು ಹೊರಚಾಚಿದ್ದರೆ ಬಳಸುವ ಮೊದಲು ಅದನ್ನು ಅರದಿಂದ ಕೆರೆದು ತೆಗೆಯಿರಿ, ಹೊಡೆತಕ್ಕೆ ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ.