ನೂರಾರು ವಿಡಿಯೊ, ಆಡಿಯೊ ಫೈಲ್‌ಗಳನ್ನು ಸ್ಕ್ರಿಪ್ಟ್‌ನಲ್ಲಿ ಒಟ್ಟಿಗೆ ಬದಲಾಯಿಸುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಹಳೆಯ ಕ್ಯಾಮೆರಾ, ಫೋನ್, ರೆಕಾರ್ಡರ್‌ಗಳಿಂದ ಸೇರಿಕೊಂಡ ಎವಿಐ, ಎಂಓವಿ, ಎಂಕೆವಿ ಫೈಲ್‌ಗಳು ನೂರಾರು ಇವೆ. ಅವೆಲ್ಲ ಎಂಪಿ4 ಆಗಬೇಕು, ವೇವ್ ಫೈಲ್‌ಗಳು ಎಂಪಿ3 ಆಗಬೇಕು. ಒಂದೊಂದನ್ನೇ ತೆರೆದು ಮಾಡುತ್ತಾ ಕೂರಲು ಆಗುವುದಿಲ್ಲ. ಕಮಾಂಡ್ ಲೈನ್‌ನಲ್ಲಿ ಒಟ್ಟಿಗೆ ಮಾಡಬಹುದಾ?

ಖಂಡಿತ ಮಾಡಬಹುದು. ಎಫ್‌ಎಫ್‌ಎಂಪೆಗ್ ಒಂದಿದ್ದರೆ ಸಾಕು. 2000ನೇ ಇಸವಿಯಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ ಉಚಿತ ಪ್ರೋಗ್ರಾಂ ಅದು. ಬಟನ್ ಒತ್ತಿ ಕೆಲಸ ಮಾಡಿಸುವ ಹ್ಯಾಂಡ್‌ಬ್ರೇಕ್‌ನಂಥವೂ ಒಳಗೊಳಗೆ ಇದರ ಲೈಬ್ರರಿಗಳನ್ನೇ ಬಳಸುತ್ತವೆ. ಒಂದೇ ಕಮಾಂಡನ್ನು ಪ್ರತಿ ಫೈಲ್‌ಗೂ ತಾನಾಗಿ ಓಡಿಸುವ ಲೂಪ್ ಬರೆಯುವುದು ದೊಡ್ಡ ಕೆಲಸವಲ್ಲ. ಅದಕ್ಕೆ ಮುಂಚೆ ನೋಡಿಕೊಳ್ಳಬೇಕಾದ್ದೇ ಜಾಸ್ತಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಎಂಪಿ4, ಎಂಕೆವಿ, ಎವಿಐ ಇವೆಲ್ಲ ಬರೀ ಡಬ್ಬಿಗಳು. ಒಳಗಿರುವ ಪದಾರ್ಥ ಬೇರೆ, ಅದನ್ನು ಸಿದ್ಧಮಾಡಿ ತುಂಬುವ ವಿಧಾನವನ್ನು ಕೋಡೆಕ್ ಅನ್ನುತ್ತಾರೆ, ಹಾಗೆ ತುಂಬುವುದೇ ಎನ್‌ಕೋಡ್. ಚಿತ್ರಕ್ಕೆ ಎಚ್.264, ಎಚ್.265, ಎಂಜೆಪೆಗ್; ಧ್ವನಿಗೆ ಎಎಸಿ, ಎಂಪಿ3, ಪಿಸಿಎಂ. ಎಂಕೆವಿ ಫೈಲಿನ ಒಳಗೆ ಎಚ್.264 ಮತ್ತು ಎಎಸಿ ಇದ್ದರೆ ಅದನ್ನು ಮತ್ತೆ ಎನ್‌ಕೋಡ್ ಮಾಡುವ ಅಗತ್ಯವೇ ಇಲ್ಲ. ಡಬ್ಬಿ ಬದಲಿಸಿದರೆ ಮುಗಿಯಿತು. ಗಂಟೆಯ ವಿಡಿಯೊ ಆದರೂ ಡಿಸ್ಕ್ ಕಾಪಿ ಮಾಡುವಷ್ಟು ಹೊತ್ತಲ್ಲಿ ಆಗುತ್ತದೆ, ಗುಣಮಟ್ಟ ಒಂದು ಚೂರೂ ಕಮ್ಮಿಯಾಗುವುದಿಲ್ಲ. ಮರು ಎನ್‌ಕೋಡ್ ಮಾಡಿದರೆ ಅದೇ ಫೈಲ್‌ಗೆ ಸಿಪಿಯು ಗಂಟೆಗಟ್ಟಲೆ ದುಡಿಯಬೇಕಾಗಬಹುದು, ಜೊತೆಗೆ ಚಿತ್ರವೂ ಸ್ವಲ್ಪ ಹಾಳಾಗುತ್ತದೆ. ಎಷ್ಟೋ ಜನ ಇದು ಗೊತ್ತಿಲ್ಲದೆ ಚೆನ್ನಾಗಿದ್ದ ರೆಕಾರ್ಡಿಂಗ್‌ಗಳನ್ನು ಸುಮ್ನೆ ಕೆಡಿಸಿಕೊಳ್ಳುತ್ತಾರೆ. ನನಗೆ ಅದೇ ಬೇಜಾರು.

ಹಾಗಾಗಿ ಮೊದಲು ಒಳಗೆ ಏನಿದೆ ನೋಡಿ. ಎಫ್‌ಎಫ್‌ಎಂಪೆಗ್ ಜೊತೆಗೇ ಎಫ್‌ಎಫ್‌ಪ್ರೋಬ್ ಅಂತ ಇನ್ನೊಂದು ಪ್ರೋಗ್ರಾಂ ಬರುತ್ತದೆ. ಅದಕ್ಕೆ ಫೈಲ್ ಹೆಸರು ಕೊಟ್ಟರೆ ಪ್ರತಿ ಸ್ಟ್ರೀಮ್‌ನ (ಒಳಗಿನ ಚಿತ್ರ, ಧ್ವನಿಯ ಒಂದೊಂದು ಎಳೆಯ) ಕೋಡೆಕ್, ಅಳತೆ, ಅವಧಿ ಎಲ್ಲ ಹೇಳುತ್ತದೆ. ಫೋಲ್ಡರ್ ಪೂರ್ತಿ ಓಡಿಸಿ ಹೆಸರಿನ ಪಕ್ಕ ಕೋಡೆಕ್ ಬರೆಸಿಕೊಂಡರೆ ನಿಮ್ಮ ರಾಶಿ ತಾನಾಗಿ ಎರಡು ಭಾಗವಾಗುತ್ತದೆ. ಫೋನಿನ ಎಂಓವಿಗಳಲ್ಲಿ ಸಾಮಾನ್ಯವಾಗಿ ಎಚ್.264 ಅಥವಾ ಎಚ್.265 ಇರುತ್ತದೆ, ಅವು ಬರೀ ಡಬ್ಬಿ ಬದಲಿಸುವ ಭಾಗಕ್ಕೆ. ಹಳೆಯ ಡಿಜಿಟಲ್ ಕ್ಯಾಮೆರಾಗಳ ಎವಿಐನಲ್ಲಿ ಬಹಳ ಸಲ ಎಂಜೆಪೆಗ್ ಚಿತ್ರ, ಪಿಸಿಎಂ ಧ್ವನಿ ಇರುತ್ತದೆ. ಅವುಗಳನ್ನು ಎನ್‌ಕೋಡ್ ಮಾಡಲೇಬೇಕು. ಈ ಎರಡಕ್ಕೂ ಬೇರೆ ಬೇರೆ ಫೋಲ್ಡರ್ ಮಾಡಿ, ಬೇರೆ ಬೇರೆ ಸ್ಕ್ರಿಪ್ಟ್ ಓಡಿಸಿ. ಒಂದೇ ಸ್ಕ್ರಿಪ್ಟ್‌ಗೆ ಎಲ್ಲ ತುಂಬಲು ಹೋಗಬೇಡಿ.

ಮುಂದೆ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ, ಸಣ್ಣಕ್ಷರದಲ್ಲಿ ಹೊಡೆಯಬೇಕು. ಮೂವ್ ಅಂತ ಇರುವಲ್ಲಿ ಎಂ, ಓ, ವಿ ಮೂರೇ ಅಕ್ಷರ.

ಡಬ್ಬಿ ಬದಲಿಸಲು ಬೇಕಾದ್ದು ಒಂದೇ ಆಯ್ಕೆ: -ಸಿ ಕಾಪಿ. ಜೊತೆಗೆ -ಮೂವ್‌ಫ್ಲ್ಯಾಗ್ಸ್ +ಫಾಸ್ಟ್‌ಸ್ಟಾರ್ಟ್ ಸೇರಿಸಿ. ಎಂಪಿ4ನಲ್ಲಿ ಇಡೀ ಫೈಲಿನ ಸೂಚಿಯಂಥ ಒಂದು ಭಾಗ ಇರುತ್ತದೆ, ಅದು ಮಾಮೂಲಿಯಾಗಿ ಕೊನೆಯಲ್ಲಿ ಕೂರುತ್ತದೆ. ಈ ಆಯ್ಕೆ ಅದನ್ನು ಮುಂದಕ್ಕೆ ತರುತ್ತದೆ. ಆಗ ನೆಟ್‌ವರ್ಕ್ ಮೇಲೆ ಪ್ಲೇ ಮಾಡುವಾಗ ಪೂರ್ತಿ ಡೌನ್‌ಲೋಡ್ ಆಗುವವರೆಗೆ ಕಾಯಬೇಕಿಲ್ಲ. ಇನ್ನೊಂದು, ಏನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಒಂದು ವಿಡಿಯೊ, ಒಂದು ಆಡಿಯೊ, ಒಂದು ಸಬ್‌ಟೈಟಲ್ ಮಾತ್ರ ಆರಿಸಿಕೊಳ್ಳುತ್ತದೆ. ಎರಡು ಭಾಷೆಯ ಆಡಿಯೊ ಇದ್ದರೆ ಎರಡನೆಯದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಎಲ್ಲ ಬೇಕು ಅಂದರೆ -ಮ್ಯಾಪ್ 0:ವಿ -ಮ್ಯಾಪ್ 0:ಎ ಅಂತ ಹೇಳಿ. ಆಗ ಸಬ್‌ಟೈಟಲ್‌ಗೂ -ಮ್ಯಾಪ್ 0:ಎಸ್ ಬೇಕು. ಎಸ್‌ಆರ್‌ಟಿ ಸಬ್‌ಟೈಟಲ್ ಎಂಪಿ4ಗೆ ಹಾಗೇ ಹೋಗುವುದಿಲ್ಲ, -ಸಿ:ಎಸ್ ಮೂವ್_ಟೆಕ್ಸ್ಟ್ ಕೊಡಬೇಕು.

ಎನ್‌ಕೋಡ್ ಮಾಡಲೇಬೇಕಾದ ಫೈಲ್‌ಗಳಿಗೆ ನನ್ನ ಆಯ್ಕೆ ಎಚ್.264 ಮಾಡುವ ಎನ್‌ಕೋಡರ್ ಲಿಬ್‌ಎಕ್ಸ್264, ಗುಣಮಟ್ಟದ ಅಂಕಿ ಸಿಆರ್‌ಎಫ್ 20, ಅಂದರೆ -ಸಿ:ವಿ ಲಿಬ್‌ಎಕ್ಸ್264 -ಸಿಆರ್‌ಎಫ್ 20. ಬಿಟ್‌ರೇಟ್ (ಸೆಕೆಂಡಿಗೆ ಇಷ್ಟೇ ಡೇಟಾ ಅನ್ನುವ ಲೆಕ್ಕ) ಕೊಡಬೇಡಿ. ನೂರಾರು ಫೈಲ್‌ಗಳಲ್ಲಿ ಒಂದು ಅಲುಗದೆ ಕೂತ ಭಾಷಣ, ಇನ್ನೊಂದು ಓಡಾಡುವ ಮಕ್ಕಳು. ಎರಡಕ್ಕೂ ಒಂದೇ ಬಿಟ್‌ರೇಟ್ ಕೊಟ್ಟರೆ ಒಂದರಲ್ಲಿ ಜಾಗ ದಂಡ, ಇನ್ನೊಂದರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಸಿಆರ್‌ಎಫ್‌ನಲ್ಲಿ ನೀವು ಗುಣಮಟ್ಟ ಹೇಳುತ್ತೀರಿ, ಎಷ್ಟು ಜಾಗ ಬೇಕು ಅನ್ನುವುದನ್ನು ಪ್ರತಿ ಫೈಲ್‌ಗೆ ಎನ್‌ಕೋಡರ್ ತಾನೇ ನಿರ್ಧರಿಸುತ್ತದೆ. 0ಯಿಂದ 51ರವರೆಗೆ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯ ಚಿತ್ರ, ಏನೂ ಹೇಳದಿದ್ದರೆ 23. 6 ಅಂಕ ಹೆಚ್ಚಿಸಿದರೆ ಫೈಲ್ ಹೆಚ್ಚುಕಮ್ಮಿ ಅರ್ಧವಾಗುತ್ತದೆ, 6 ಇಳಿಸಿದರೆ ಎರಡರಷ್ಟು. ಜೊತೆಗೆ -ಪಿಕ್ಸ್_ಎಫ್‌ಎಂಟಿ ವೈಯುವಿ420ಪಿ ಹಾಕಿ. ಎಂಜೆಪೆಗ್‌ನಿಂದ ಬಂದ ಚಿತ್ರಕ್ಕೆ ಇದು ಇಲ್ಲದಿದ್ದರೆ ಕೆಲವು ಟಿವಿ, ಫೋನ್‌ಗಳಲ್ಲಿ ವಿಡಿಯೊ ಓಡುವುದೇ ಇಲ್ಲ. ಧ್ವನಿಗೆ -ಸಿ:ಎ ಎಎಸಿ -ಬಿ:ಎ 160ಕೆ ಸಾಕು. ಟೇಪ್ ಕ್ಯಾಮೆರಾದ ರೆಕಾರ್ಡಿಂಗ್‌ನಲ್ಲಿ ಅಲುಗಾಡುವ ಅಂಚುಗಳು ಬಾಚಣಿಗೆ ಹಲ್ಲಿನ ಹಾಗೆ ಕಂಡರೆ ಅದು ಇಂಟರ್‌ಲೇಸ್ ಆಗಿದೆ (ಸಾಲು ಬಿಟ್ಟು ಸಾಲು ರೆಕಾರ್ಡ್ ಆಗಿದೆ) ಅಂತ, -ವಿಎಫ್ ಬಿಡಬ್ಲ್ಯುಡಿಐಎಫ್ ಸೇರಿಸಿ.

ಎಚ್.265 ಯಾಕೆ ಬೇಡ ಅಂತ ಕೇಳಬಹುದು. ಜಾಗ ಉಳಿಯುತ್ತದೆ, ನಿಜ. ಆದರೆ ಎನ್‌ಕೋಡ್ ತುಂಬಾ ನಿಧಾನ, ಹಳೆಯ ಸಾಧನಗಳಲ್ಲಿ ಓಡುವುದಿಲ್ಲ. ಎಲ್ಲ ಕಡೆ ತೆರೆಯಬೇಕು ಅನ್ನುವುದಕ್ಕೇ ತಾನೇ ನೀವು ಎಂಪಿ4 ಮಾಡುತ್ತಿರುವುದು? ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಕೂಡ ವೇಗ ಕೊಡುತ್ತದೆ, ಆದರೆ ಅದೇ ಗುಣಮಟ್ಟಕ್ಕೆ ಸಾಮಾನ್ಯವಾಗಿ ಜಾಸ್ತಿ ಜಾಗ ಕೇಳುತ್ತದೆ. ಒಮ್ಮೆ ಮಾಡಿ ವರ್ಷಗಟ್ಟಲೆ ಇಟ್ಟುಕೊಳ್ಳುವ ಫೈಲ್‌ಗೆ ನಾನು ಸಿಪಿಯುವನ್ನೇ ಬಿಡುತ್ತೇನೆ. ರಾತ್ರಿಯಿಡೀ ಓಡಲಿ.

ಈಗ ಲೂಪ್. ಲಿನಕ್ಸ್ ಅಥವಾ ಮ್ಯಾಕ್‌ನ ಬ್ಯಾಷ್‌ನಲ್ಲಿ ನಾನು ಬಳಸುವ ಆಕಾರ ಇದು:

ಫಾರ್ ಎಫ್ ಇನ್ *.ಎವಿಐ; ಡು
[ -ಇ "ಮುಗಿದದ್ದು/$ಎಫ್.ಎಂಪಿ4" ] && ಕಂಟಿನ್ಯೂ
ಎಫ್‌ಎಫ್‌ಎಂಪೆಗ್ -ನೋಸ್ಟ್‌ಡಿನ್ -ವೈ -ಐ "$ಎಫ್" (ಮೇಲಿನ ಆಯ್ಕೆಗಳು) "ಅರ್ಧ/$ಎಫ್.ಎಂಪಿ4" && ಎಂವಿ "ಅರ್ಧ/$ಎಫ್.ಎಂಪಿ4" ಮುಗಿದದ್ದು/ || ಎಕೋ "$ಎಫ್" >> ಸೋತದ್ದು.ಟಿಎಕ್ಸ್‌ಟಿ
ಡನ್

ಇದರಲ್ಲಿರುವ "ಅರ್ಧ", "ಮುಗಿದದ್ದು" ಎರಡೂ ಫೋಲ್ಡರ್‌ಗಳನ್ನು ಮೊದಲೇ ಮಾಡಿಟ್ಟುಕೊಳ್ಳಿ. ಎರಡು ಫೋಲ್ಡರ್ ಯಾಕೆ ಅಂತ ಹೇಳಬೇಕು, ಏಕೆಂದರೆ ಬಹಳಷ್ಟು ಸ್ಕ್ರಿಪ್ಟ್‌ಗಳು ಎಡವುವುದು ಇಲ್ಲೇ. ಎಲ್ಲರೂ ಸಾಮಾನ್ಯವಾಗಿ -ಎನ್ ಹಾಕುತ್ತಾರೆ, ಅಂದರೆ ಆ ಹೆಸರಿನ ಫೈಲ್ ಈಗಾಗಲೇ ಇದ್ದರೆ ಮುಟ್ಟಬೇಡ ಅಂತ. ಕೇಳಲು ಸರಿಯಾಗಿದೆ. ಆದರೆ ಅರ್ಧ ಎನ್‌ಕೋಡ್ ಆಗಿರುವಾಗ ಕರೆಂಟ್ ಹೋಯಿತು ಅಂದುಕೊಳ್ಳಿ. ಅರೆಬರೆ ಎಂಪಿ4 ಒಂದು ಪೂರ್ತಿ ಹೆಸರಿನ ಜೊತೆ ಅಲ್ಲೇ ಉಳಿಯುತ್ತದೆ. ಮತ್ತೆ ಸ್ಕ್ರಿಪ್ಟ್ ಓಡಿಸಿದರೆ "ಇದು ಆಗಿದೆ" ಅಂತ ಅದನ್ನು ದಾಟಿ ಮುಂದೆ ಹೋಗುತ್ತದೆ. ಸೂಚಿ ಬರೆಯುವ ಮೊದಲೇ ನಿಂತ ಎಂಪಿ4 ತೆರೆಯುವುದೇ ಇಲ್ಲ. ಅದು ನಿಮಗೆ ಗೊತ್ತಾಗುವಷ್ಟರಲ್ಲಿ ಮೂಲ ಫೈಲ್ ಡಿಲೀಟ್ ಆಗಿದ್ದರೆ ಏನೂ ಮಾಡಲು ಆಗುವುದಿಲ್ಲ. ಮೇಲಿನ ಕ್ರಮದಲ್ಲಿ ಎನ್‌ಕೋಡ್ ನಡೆಯುವುದು "ಅರ್ಧ" ಫೋಲ್ಡರ್‌ನಲ್ಲಿ. ಎಫ್‌ಎಫ್‌ಎಂಪೆಗ್ ತಪ್ಪಿಲ್ಲದೆ ಮುಗಿಸಿದರೆ ಮಾತ್ರ ಫೈಲ್ "ಮುಗಿದದ್ದು" ಒಳಗೆ ಹೋಗುತ್ತದೆ. ಎಷ್ಟು ಸಲ ನಿಲ್ಲಿಸಿ ಎಷ್ಟು ಸಲ ಓಡಿಸಿದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಹೊಸ ಹೆಸರಿನಲ್ಲಿ ಹಳೆಯ ಎಕ್ಸ್‌ಟೆನ್ಷನ್ ಉಳಿಸಿರುವುದೂ ಬೇಕೆಂತಲೇ. ಒಂದೇ ಫೋಲ್ಡರ್‌ನಲ್ಲಿ 0001.ಎವಿಐ, 0001.ಎಂಓವಿ ಎರಡೂ ಇದ್ದು, ಎರಡನ್ನೂ 0001.ಎಂಪಿ4 ಮಾಡಿದರೆ ಒಂದು ಇನ್ನೊಂದನ್ನು ನುಂಗುತ್ತದೆ. ಹೆಸರು ನೋಡಲು ಚೆನ್ನಾಗಿರಲಿಕ್ಕಿಲ್ಲ, ಪರವಾಗಿಲ್ಲ. ಡಬಲ್ ಕೋಟ್‌ಗಳನ್ನು ಎಲ್ಲೂ ಬಿಡಬೇಡಿ. ಅವು ಇಲ್ಲದಿದ್ದರೆ ಸ್ಪೇಸ್ ಇರುವ ಒಂದು ಹೆಸರು ಬ್ಯಾಷ್‌ಗೆ ಎರಡು ಮೂರು ಹೆಸರಾಗಿ ಕಾಣುತ್ತದೆ. ಕ್ಯಾಮೆರಾಗಳು ಎಕ್ಸ್‌ಟೆನ್ಷನ್ ದೊಡ್ಡಕ್ಷರದಲ್ಲಿ ಬರೆಯುವುದು ಜಾಸ್ತಿ, ಸಣ್ಣಕ್ಷರದ ಹುಡುಕಾಟಕ್ಕೆ ಅವು ಸಿಗುವುದಿಲ್ಲ. ಸ್ಕ್ರಿಪ್ಟ್ ಮೇಲ್ಗಡೆ ಶಾಪ್ಟ್ -ಎಸ್ ನೋಕೇಸ್‌ಗ್ಲಾಬ್ ಹಾಕಿದರೆ ಎರಡೂ ಸಿಗುತ್ತವೆ.

-ನೋಸ್ಟ್‌ಡಿನ್ ಬಗ್ಗೆ ಎರಡು ಮಾತು. ಎಫ್‌ಎಫ್‌ಎಂಪೆಗ್ ಓಡುತ್ತಿರುವಾಗ ಕೀಬೋರ್ಡ್‌ಗೆ ಕಿವಿಗೊಟ್ಟಿರುತ್ತದೆ, ಕ್ಯೂ ಒತ್ತಿದರೆ ನಿಲ್ಲುತ್ತದೆ. ಒಳಗಿನ ಫೋಲ್ಡರ್‌ಗಳೂ ಸೇರಲಿ ಅಂತ ಫೈಲ್ ಹುಡುಕುವ ಫೈಂಡ್ ಕಮಾಂಡ್ ಕೊಟ್ಟ ಪಟ್ಟಿಯನ್ನು, ಸಾಲು ಸಾಲಾಗಿ ಓದುವ ವೈಲ್ ರೀಡ್ ಲೂಪ್‌ಗೆ ಸುರಿದರೆ, ಆ ಪಟ್ಟಿಯನ್ನೇ ಕೀಬೋರ್ಡ್ ಅಂದುಕೊಂಡು ಎಫ್‌ಎಫ್‌ಎಂಪೆಗ್ ಅಕ್ಷರಗಳನ್ನು ತಿಂದುಬಿಡುತ್ತದೆ. ಲಕ್ಷಣ ವಿಚಿತ್ರವಾಗಿರುತ್ತದೆ: ಮೊದಲ ಫೈಲ್ ಸರಿಯಾಗಿ ಮುಗಿಯುತ್ತದೆ, ಮುಂದಿನದಕ್ಕೆ "ಅಂಥ ಫೈಲ್ ಇಲ್ಲ" ಅನ್ನುತ್ತದೆ, ಗಮನಿಸಿ ನೋಡಿದರೆ ಹೆಸರಿನ ಮುಂದಿನ ಕೆಲವು ಅಕ್ಷರ ಮಾಯವಾಗಿರುತ್ತವೆ. ಡಿಸ್ಕ್ ಕೆಟ್ಟಿದೆ, ಫೈಲ್ ಕೆಟ್ಟಿದೆ ಅಂತ ಜನ ಎಲ್ಲೆಲ್ಲೋ ಹುಡುಕುತ್ತಾರೆ. ಈ ಒಂದು ಪದ ಹಾಕಿದರೆ ಸರಿಹೋಗುತ್ತದೆ. ಅದಕ್ಕೇ ನಾನು ಯಾವ ಲೂಪ್ ಆದರೂ ಅದನ್ನು ಬಿಡುವುದಿಲ್ಲ.

ವಿಂಡೋಸ್ ಆದರೆ ಬ್ಯಾಚ್ ಫೈಲ್‌ನಲ್ಲಿ ಇದೇ ಫಾರ್ ಲೂಪ್ ಬರುತ್ತದೆ. ವೇರಿಯಬಲ್ ಮುಂದೆ ಎರಡು ಶೇಕಡಾ ಚಿಹ್ನೆ ಬೇಕು. ನೇರವಾಗಿ ಪ್ರಾಂಪ್ಟ್‌ನಲ್ಲಿ ಹೊಡೆದರೆ ಒಂದೇ ಸಾಕು.

ಆಡಿಯೊ ಸುಲಭ. ವೇವ್‌ನಿಂದ ಎಂಪಿ3ಗೆ -ಸಿ:ಎ ಲಿಬ್‌ಎಂಪಿ3ಲೇಮ್ -ಕ್ಯೂ:ಎ 2 ಕೊಡಿ. ಸರಾಸರಿ ಸೆಕೆಂಡಿಗೆ 190 ಕಿಲೋಬಿಟ್ ಆಸುಪಾಸು ಬರುತ್ತದೆ. ಸಿಡಿ ಗುಣಮಟ್ಟದ ವೇವ್‌ಗೆ ಅದು 1411 ಇರುತ್ತದೆ. ಆದರೆ ವೇವ್ ನಿಮ್ಮ ಮೂಲ ರೆಕಾರ್ಡಿಂಗ್ ಆಗಿದ್ದರೆ ದಯವಿಟ್ಟು ಎಂಪಿ3 ಮಾಡಿ ಅದನ್ನು ಅಳಿಸಬೇಡಿ. ಫ್ಲಾಕ್ ಮಾಡಿ ಇಟ್ಟುಕೊಳ್ಳಿ. ಜಾಗವೂ ಕಮ್ಮಿಯಾಗುತ್ತದೆ, ಧ್ವನಿಯಲ್ಲಿ ಏನೂ ಕಳೆದುಹೋಗುವುದಿಲ್ಲ, ಬೇಕಾದಾಗ ಅದರಿಂದ ಏನು ಬೇಕಾದರೂ ಮಾಡಬಹುದು. ಎಂಪಿ3ಯನ್ನು ಫ್ಲಾಕ್ ಮಾಡಿದರೆ ಮಾತ್ರ ಪ್ರಯೋಜನವಿಲ್ಲ, ಹೋದದ್ದು ತಿರುಗಿ ಬರುವುದಿಲ್ಲ, ಫೈಲ್ ದೊಡ್ಡದಾಗುತ್ತದೆ ಅಷ್ಟೇ. ವಿಡಿಯೊದಿಂದ ಬರೀ ಧ್ವನಿ ಬೇಕಿದ್ದು ಒಳಗೆ ಎಎಸಿ ಇದ್ದರೆ -ವಿಎನ್ -ಸಿ:ಎ ಕಾಪಿ ಅಂತ ಹೇಳಿ ಎಂ4ಎ ಫೈಲ್‌ಗೆ ಬರೆಸಿ. ಅದನ್ನು ಎಂಪಿ3 ಮಾಡಿದರೆ ಇನ್ನೊಂದು ಸುತ್ತು ಗುಣಮಟ್ಟ ಹೋಗುತ್ತದೆ.

ಒಂದೇ ಸಲಕ್ಕೆ ಹಲವು ಫೈಲ್ ಓಡಿಸಬೇಕೆ? ಎಂಪಿ3ಗೆ ಹೌದು, ಅದನ್ನು ಮಾಡುವ ಲೇಮ್ ಎನ್‌ಕೋಡರ್ ಸಿಪಿಯುವಿನ ಒಂದೇ ಕೋರ್ ಬಳಸುತ್ತದೆ. ಫೈಂಡ್‌ನ -ಪ್ರಿಂಟ್0 ಕೊಟ್ಟದ್ದನ್ನು ಪಟ್ಟಿಯ ಹೆಸರುಗಳಿಗೆ ಕಮಾಂಡ್ ಓಡಿಸುವ ಎಕ್ಸ್‌ಆರ್ಗ್ಸ್ -0ಗೆ ಸುರಿದು, ಒಂದು ಸಲಕ್ಕೆ ಒಂದೇ ಹೆಸರು ಹೋಗಲು -ಎನ್ 1, ಜೊತೆಗೆ ದೊಡ್ಡಕ್ಷರದ -ಪಿ 4 ಕೊಟ್ಟರೆ ನಾಲ್ಕು ಒಟ್ಟಿಗೆ ಓಡುತ್ತವೆ. ಎಕ್ಸ್264 ತಾನಾಗಿಯೇ ಎಲ್ಲ ಕೋರ್ ಬಳಸುವುದರಿಂದ ಅಲ್ಲಿ ಹೆಚ್ಚು ಲಾಭವಿಲ್ಲ.

ಪೂರ್ತಿ ರಾಶಿ ಬಿಡುವ ಮುಂಚೆ ನಾಲ್ಕೈದು ಬೇರೆ ಬೇರೆ ಬಗೆಯ ಫೈಲ್ ಆರಿಸಿ, ಇನ್‌ಪುಟ್ ಮುಂದೆ -ಎಸ್‌ಎಸ್ 60 -ಟಿ 30 ಹಾಕಿ ಮಧ್ಯದ ಮೂವತ್ತು ಸೆಕೆಂಡ್ ಮಾತ್ರ ಮಾಡಿಸಿ ನೋಡಿ. ಎಲ್ಲಿ ಪ್ಲೇ ಮಾಡುತ್ತೀರೋ ಆ ಟಿವಿಯಲ್ಲೇ, ಆ ಫೋನಿನಲ್ಲೇ ನೋಡಬೇಕು. ಕತ್ತಲೆಯ ದೃಶ್ಯ ಇರುವ ಒಂದನ್ನು ಖಂಡಿತ ಸೇರಿಸಿ, ಕಡಿಮೆ ಗುಣಮಟ್ಟ ಮೊದಲು ಕಾಣುವುದು ಅಲ್ಲೇ.

ಎಲ್ಲ ಮುಗಿದ ಮೇಲೆ ಟಚ್ -ಆರ್ ಬಳಸಿ ಮೂಲ ಫೈಲಿನ ತಾರೀಕನ್ನು ಹೊಸದಕ್ಕೂ ಹಾಕಿ. ಇಲ್ಲದಿದ್ದರೆ ಇಷ್ಟು ವರ್ಷಗಳ ರೆಕಾರ್ಡಿಂಗ್ ಎಲ್ಲ ಇವತ್ತೇ ಮಾಡಿದ ಹಾಗೆ ಸಾಲಾಗಿ ನಿಲ್ಲುತ್ತವೆ. ಆಮೇಲೆ ಪರೀಕ್ಷೆ. ಎಫ್‌ಎಫ್‌ಎಂಪೆಗ್ -ನೋಸ್ಟ್‌ಡಿನ್ -ವಿ ಎರರ್ -ಐ ಫೈಲ್ ಹೆಸರು, -ಎಫ್ ನಲ್, ಕೊನೆಗೆ ಒಂದು ಒಂಟಿ ಹೈಫನ್. ಇದು ಫೈಲನ್ನು ಮೊದಲಿಂದ ಕೊನೆವರೆಗೆ ಓದುತ್ತದೆ, ಎಲ್ಲೂ ಬರೆಯುವುದಿಲ್ಲ. ಏನೂ ಮಾತಾಡದೆ ಮುಗಿದರೆ ಫೈಲ್ ಸರಿಯಿದೆ. ಇದನ್ನೂ ಲೂಪ್‌ನಲ್ಲೇ ಓಡಿಸಿ. ಜೊತೆಗೆ ಎಫ್‌ಎಫ್‌ಪ್ರೋಬ್‌ನಿಂದ ಹಳೆಯದರ, ಹೊಸದರ ಅವಧಿ ಹೋಲಿಸಿ. ಒಂದು ಸೆಕೆಂಡ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದವನ್ನು ಕಣ್ಣಾರೆ ನೋಡಿ. "ಸೋತದ್ದು" ಪಟ್ಟಿ ಖಾಲಿಯಾಗಿ, ಈ ಎರಡು ಪರೀಕ್ಷೆ ದಾಟಿ, ಹೊಸ ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ಗೆ ಹೋಗುವವರೆಗೆ ಮೂಲ ಫೈಲ್ ಒಂದನ್ನೂ ಅಳಿಸಬೇಡಿ. ಸ್ಕ್ರಿಪ್ಟ್ ಒಳಗಂತೂ ಅಳಿಸುವ ಕಮಾಂಡ್ ಇರಲೇಬಾರದು, ಆ ಕೆಲಸ ನಿಮ್ಮ ಕೈಯಿಂದಲೇ ಆಗಲಿ.

ಯಾವುದಾದರೂ ಫೈಲ್ ಹಠ ಮಾಡಿದರೆ ಅದರ ಎಫ್‌ಎಫ್‌ಪ್ರೋಬ್ ಔಟ್‌ಪುಟ್ ಪೂರ್ತಿ, ಎರರ್ ಬಂದ ಸಾಲಿನ ಜೊತೆ ಇಲ್ಲಿ ಹಾಕಿ. ನೋಡುತ್ತೇನೆ.