ರಸ್ತೆ ಬದಿಯ ಆಲದ ಮರ ಕಡಿಯಲು ಪಂಚಾಯ್ತಿ ಠರಾವು ಸಾಕಾ?

ಸಾಕಾಗುವುದಿಲ್ಲ. ನೀವು ಶಿರಸಿ ಕಡೆಯವರು, ರಸ್ತೆ ಅಗಲ ಮಾಡಲು ಕಟ್ಟೆಯ ಹಳೇ ಆಲದ ಮರ ತೆಗೆಯುತ್ತಾರಂತೆ, ಪಂಚಾಯ್ತಿಯಲ್ಲಿ ಠರಾವೂ ಆಗಿದೆ, ಇನ್ನು ಏನೂ ಮಾಡಲು ಬರುವುದಿಲ್ಲವಾ ಎಂದು ಕೇಳಿದ್ದೀರಿ. ಖಂಡಿತ ಬರುತ್ತದೆ.

ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಅದರ 8ನೇ ಕಲಂ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಮೊದಲೇ ಪಡೆಯದೆ ಮರ ಕಡಿಯುವಂತಿಲ್ಲ, ಸ್ವಂತ ಜಮೀನಿನದಾದರೂ ಅಷ್ಟೇ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಆಲಕ್ಕೆ ಇಲ್ಲ.

ಆದರೆ ನಾನು ಬರೆಯಲು ಕೂತಿದ್ದು ಬೇರೆ ಕಾರಣಕ್ಕೆ. ನಮ್ಮೂರ ದಾರಿಯಲ್ಲೂ ಒಂದು ಆಲದ ಮರ ಇತ್ತು. ಹಣ್ಣು ಬಿಟ್ಟಾಗ ಹಕ್ಕಿಗಳ ಗದ್ದಲಕ್ಕೆ ಬೆಳಗಿನ ಜಾವವೇ ಎಚ್ಚರ ಆಗುತ್ತಿತ್ತು. ಯಾರೋ ರಾತ್ರೋರಾತ್ರಿ ಬುಡದ ಸುತ್ತ ತೊಗಟೆ ಸುಲಿದರು, ನಾವು ಏನೋ ರೋಗ ಎಂದುಕೊಂಡು ಸುಮ್ನೆ ಇದ್ದೆವು, ಒಂದೆರಡು ವರ್ಷದಲ್ಲಿ ಕೊಂಬೆ ಒಣಗಿ ಬೀಳತೊಡಗಿತು, ಆಮೇಲೆ 'ಒಣಮರ, ಜನರ ಮೇಲೆ ಬೀಳುತ್ತದೆ' ಅಂತ ಅರ್ಜಿ ಹೋಯಿತು, ಅನುಮತಿಯೂ ಸಿಕ್ಕಿತು. ಸತ್ತ ಮರ, ಅಪಾಯದ ಮರ ಅಂದರೆ ಅನುಮತಿ ಸಿಗುವುದು ಸುಲಭ ಅಲ್ವಾ. ಕಾಯ್ದೆಯನ್ನು ಓದಿದ್ದು ನಾನು ಆಮೇಲೆ. ಅದರಲ್ಲಿ ಕಡಿಯುವುದು ಅಂದರೆ ಬುಡ ಕತ್ತರಿಸುವುದು ಮಾತ್ರ ಅಲ್ಲ. ತೊಗಟೆ ಸುತ್ತ ಸುಲಿಯುವುದು, ಕೊಂಬೆ ಸವರುವುದು, ವಿಷ ಹಾಕುವುದು, ಬೆಂಕಿ ಇಡುವುದು, ಎಲ್ಲವೂ ಕಡಿದಂತೆಯೇ. ತೊಗಟೆ ಸುಲಿದ ದಿನವೇ ನಾವು ದೂರು ಕೊಡಬಹುದಿತ್ತು. ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಅದಕ್ಕೇ ಹೇಳುತ್ತೇನೆ, ಮರ ಹಸಿರಾಗಿರುವಾಗಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ, ಬುಡದ್ದು ಹತ್ತಿರದಿಂದ. ಆಮೇಲೆ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋಗಿ 'ಈ ಮರಕ್ಕೆ ಅನುಮತಿ ಕೊಟ್ಟಿದ್ದೀರಾ, ಕೊಟ್ಟಿದ್ದರೆ ಪ್ರತಿ ಕೊಡಿ' ಎಂದು ಬರೆದು ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ, ಆದರೆ ಅದೊಂದನ್ನೇ ನಂಬಬೇಡಿ. ಉತ್ತರ ಕೊಡಲು 30 ದಿನ ಇರುತ್ತದೆ, ಯಂತ್ರದ ಗರಗಸಕ್ಕೆ ಮರ ಉರುಳಿಸಲು ಅರ್ಧ ದಿನವೇ ಜಾಸ್ತಿ. ಕಡಿಯಲು ಬಂದವರಿದ್ದರೆ ಜಗಳ ಬೇಡ, ಅನುಮತಿ ಪತ್ರ ತೋರಿಸಿ ಎಂದಷ್ಟೇ ಕೇಳಿ, ನಾಲ್ಕು ಜನ ಜೊತೆಗಿರಿ.

ರಸ್ತೆ ಬಂದಮೇಲೆ ಮರ ಉಳಿಯುವುದಿಲ್ಲ ಎಂದು ಹೇಳುವವರಿಗೆ ಮಾಗಡಿಯ ಹುಲಿಕಲ್ ಕಡೆ ನೋಡಲು ಹೇಳಿ. 2019ರಲ್ಲಿ ರಸ್ತೆ ಅಗಲೀಕರಣದ ಮಾತು ಬಂದಾಗ, ಅಲ್ಲಿ ರಸ್ತೆ ಬದಿ ಆಲದ ಮರಗಳನ್ನು ನೆಟ್ಟು ಬೆಳೆಸಿದ ಸಾಲುಮರದ ತಿಮ್ಮಕ್ಕ ತಾವೇ ಮುಖ್ಯಮಂತ್ರಿಗೆ ಮನವಿ ಮಾಡಿಕೊಂಡರು, ಮರ ಉಳಿಸಿ ಬೇರೆ ದಾರಿ ನೋಡುವುದಾಗಿ ಸರ್ಕಾರ ಹೇಳಿತು. ನಿಮಗೆ ಇನ್ನೂ ಹತ್ತಿರದ್ದು ಬೇಕಾದರೆ ಸಾಲ್ಕಣಿ. 1983ರಲ್ಲಿ ಅಲ್ಲಿನ ಜನ ಕಡಿಯುವುದನ್ನು ತಡೆಯಲು ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತಿದ್ದು ನಿಮ್ಮ ತಾಲ್ಲೂಕಿನಲ್ಲೇ. ಆಗ ಹೋಗಿದ್ದವರು ನಿಮ್ಮ ಸುತ್ತಮುತ್ತ ಇನ್ನೂ ಸಿಕ್ಕಾರು, ಕೇಳಿ ನೋಡಿ.

ಇದೆಲ್ಲಕ್ಕೂ ಮೊದಲು ನಾಳೆ ಬೆಳಿಗ್ಗೆ ಹೋಗಿ ಬುಡದ ತೊಗಟೆ ಸುತ್ತಲೂ ಸರಿ ಇದೆಯಾ ನೋಡಿಕೊಂಡು ಬನ್ನಿ.